ಆಫ್ರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ

ಆಡಳಿತವನ್ನೂ ದಿನನಿತ್ಯದ ಬದುಕನ್ನೂ ಕುರಿತು ಜನ ಏನೆನ್ನುತ್ತಾರೆ ಎಂಬುದನ್ನು ಆಫ್ರಿಕ ಖಂಡದ ಹಲವು ದೇಶಗಳಲ್ಲಿ ಒಂದೇ ಪ್ರಶ್ನಾವಳಿಯಿಂದ ಕೇಳಿ ದಾಖಲಿಸುವ ಕ್ರಮ. ಏಕಪಕ್ಷ ಮತ್ತು ಸೇನಾ ಆಡಳಿತಗಳ ಕಾಲದಲ್ಲಿ ಇಂಥ ಪ್ರಶ್ನೆಗಳಿಗೆ ಅವಕಾಶ ಕಡಿಮೆಯಿತ್ತು. 1990ರ ದಶಕದಲ್ಲಿ ಬಹುಪಕ್ಷ ಚುನಾವಣೆಗಳು ಮರಳಿದ ಮೇಲೆ ದಾರಿ ತೆರೆಯಿತು. ಈ ಕ್ಷೇತ್ರದ ಮುಖ್ಯ ಸಂಸ್ಥೆ ಆಫ್ರೋಬ್ಯಾರೋಮೀಟರ್. ಮೈಕೇಲ್ ಬ್ರಾಟನ್, ರಾಬರ್ಟ್ ಮ್ಯಾಟ್ಸ್ ಮತ್ತು ಘಾನಾದ ಇ. ಜಿಮಾ-ಬೋಆಡಿ ಎಂಬ ರಾಜ್ಯಶಾಸ್ತ್ರಜ್ಞರು 1999ರಲ್ಲಿ ಆರಂಭಿಸಿದ ಈ ಜಾಲದ ಕೇಂದ್ರ ಕಚೇರಿ ಅಕ್ರಾದಲ್ಲಿದೆ. ಮೊದಲ ಸುತ್ತಿನಲ್ಲಿ 12 ದೇಶಗಳಿದ್ದವು, ಒಂಬತ್ತನೆಯ ಸುತ್ತಿನಲ್ಲಿ (2021-23) 39. ಸುದ್ದಿಯಾಗುವುದು ಸಾಮಾನ್ಯವಾಗಿ ನಾಯಕರ ಮೇಲಿನ ವಿಶ್ವಾಸದ ಶೇಕಡಾವಾರು. ಆದರೆ ಈ ಸಮೀಕ್ಷೆಗಳ ಹೆಚ್ಚು ಗಟ್ಟಿಯಾದ ಭಾಗ ಅದಲ್ಲ. ಮನೆಯಲ್ಲಿ ಏನು ಎಷ್ಟು ಸಲ ಇಲ್ಲವಾಯಿತು ಎಂಬ ಸಾದಾ ಪ್ರಶ್ನೆಗೆ ಬಂದ ಉತ್ತರಗಳು.

ಮಾದರಿ ಆಯ್ಕೆ : ಒಂದೊಂದು ದೇಶದಲ್ಲಿ 18 ವರ್ಷ ದಾಟಿದ 1,200 ಅಥವಾ 2,400 ಜನರನ್ನು ಮುಖಾಮುಖಿ ಮಾತನಾಡಿಸಲಾಗುತ್ತದೆ, ಅದೂ ಅವರೇ ಆರಿಸಿಕೊಂಡ ಭಾಷೆಯಲ್ಲಿ. 1,200 ಜನರ ಮಾದರಿಗೆ ದೋಷದ ಮಿತಿ ಸುಮಾರು 3 ಶೇಕಡಾ ಅಂಶ, 2,400ಕ್ಕೆ ಸುಮಾರು 2. ಪ್ರಾಂತ್ಯವಾರು ಮತ್ತು ನಗರ-ಗ್ರಾಮವಾರು ಜನಸಂಖ್ಯೆಗೆ ತಕ್ಕಂತೆ ಗಣತಿ ಬ್ಲಾಕುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಒಂದೊಂದು ಬ್ಲಾಕಿನಲ್ಲಿ 8 ಸಂದರ್ಶನ ನಡೆಸುತ್ತಾರೆ. ಗೊತ್ತುಮಾಡಿದ ಜಾಗದಿಂದ ನಾಲ್ವರು ಸಂದರ್ಶಕರು ನಾಲ್ಕು ದಿಕ್ಕಿಗೆ ಹೊರಟು, ಎಡಬಲದ ಮನೆಗಳನ್ನು ಎಣಿಸುತ್ತ ಐದನೆಯ ಮನೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಹತ್ತನೆಯದಕ್ಕೆ. ಒಂದು ಮನೆಯಲ್ಲಿ ಗಂಡಸನ್ನು ಕೇಳಿದರೆ ಮುಂದಿನದರಲ್ಲಿ ಹೆಂಗಸನ್ನು. ಮನೆಯೊಳಗೆ ಯಾರನ್ನು ಕೇಳಬೇಕೆಂಬುದನ್ನು ಯಜಮಾನ ತೀರ್ಮಾನಿಸುವುದಿಲ್ಲ, ಚೀಟಿ ಎತ್ತಿಯೋ ಟ್ಯಾಬ್ಲೆಟ್ಟಿನ ಮೂಲಕವೋ ನಿರ್ಧಾರವಾಗುತ್ತದೆ. ಬ್ಲಾಕಿನಲ್ಲಿ ವಿದ್ಯುತ್ ತಂತಿ, ನಲ್ಲಿ ನೀರು, ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ಇವೆಯೇ ಎಂಬುದನ್ನು ಸಂದರ್ಶಕರು ತಾವೇ ನೋಡಿ ಬರೆದುಕೊಳ್ಳುತ್ತಾರೆ. ಹೀಗಾಗಿ ಜನರ ಮಾತಿನ ಪಕ್ಕದಲ್ಲಿ ಕಣ್ಣಾರೆ ಕಂಡ ದಾಖಲೆಯೂ ನಿಲ್ಲುತ್ತದೆ. ಈ ಕಟ್ಟುನಿಟ್ಟಿಗೂ ಒಂದು ದೌರ್ಬಲ್ಯವುಂಟು. ಬ್ಲಾಕುಗಳ ಪಟ್ಟಿ ಬರುವುದು ಸರ್ಕಾರಿ ಜನಗಣತಿಯಿಂದ, ನೈಜೀರಿಯದಲ್ಲಿ ಕೊನೆಯ ಗಣತಿ ನಡೆದದ್ದು 2006ರಲ್ಲಿ. ಆಮೇಲೆ ಹುಟ್ಟಿದ ಬಡಾವಣೆಗಳ ಪಾಲನ್ನು ಅಂದಾಜಿನಿಂದ ತುಂಬಬೇಕಾಗುತ್ತದೆ. ಕಾದಾಟ ನಡೆಯುವ ಪ್ರದೇಶಗಳು ಹಲವು ಸಲ ಮಾದರಿಯಿಂದ ಹೊರಗೇ ಉಳಿಯುತ್ತವೆ. ಅಂದರೆ ಅತಿ ಕಷ್ಟದಲ್ಲಿರುವವರ ದನಿಯೇ ಕಡಿಮೆ ಕೇಳಿಸುವ ಸಂಭವವಿದೆ.

ಬಡತನದ ಅಳತೆ : ಕಳೆದ ವರ್ಷದಲ್ಲಿ ಸಾಕಷ್ಟು ಆಹಾರ, ಶುದ್ಧ ನೀರು, ಔಷಧೋಪಚಾರ, ಅಡುಗೆಯ ಇಂಧನ, ನಗದು ಆದಾಯ, ಈ ಐದರಲ್ಲಿ ಯಾವುದು ಎಷ್ಟು ಸಲ ಇಲ್ಲವಾಯಿತು? ‘ಒಮ್ಮೆಯೂ ಇಲ್ಲ’ ಎಂಬುದರಿಂದ ‘ಯಾವಾಗಲೂ’ ಎಂಬುದರವರೆಗಿನ ಉತ್ತರಗಳಿಗೆ 0ರಿಂದ 4 ಅಂಕ ಕೊಟ್ಟು ಸರಾಸರಿ ತೆಗೆದರೆ ಅನುಭವದ ಬಡತನದ ಸೂಚ್ಯಂಕ ಸಿಗುತ್ತದೆ. ಇದರ ಮಹತ್ವ ತಿಳಿಯಬೇಕಾದರೆ ರಾಷ್ಟ್ರೀಯ ಆದಾಯದ ಲೆಕ್ಕದ ಪಾಡನ್ನು ನೋಡಬೇಕು. 2010ರಲ್ಲಿ ಘಾನಾ ಆಧಾರವರ್ಷ ಬದಲಿಸಿದಾಗ ಜಿಡಿಪಿ ಸುಮಾರು ಶೇ. 60ರಷ್ಟು ಏರಿತು. 2014ರಲ್ಲಿ ನೈಜೀರಿಯ ಹಾಗೆಯೇ ಮಾಡಿದಾಗ ಶೇ. 89ರಷ್ಟು ಏರಿ, ಆ ದೇಶ ದಕ್ಷಿಣ ಆಫ್ರಿಕವನ್ನು ಹಿಂದಿಕ್ಕಿತು. ಅದರಿಂದ ಯಾರ ಮನೆಯ ಒಲೆಯೂ ಹೊಸದಾಗಿ ಹೊತ್ತಲಿಲ್ಲ. ‘ಆಫ್ರಿಕ ಏಳುತ್ತಿದೆ’ ಎಂದು ಜಗತ್ತು ಕೊಂಡಾಡುತ್ತಿದ್ದ 2013ರಲ್ಲಿ, ದಶಕದ ಬೆಳವಣಿಗೆಯ ನಂತರವೂ ತಳಮಟ್ಟದ ಬಡತನ ಹೆಚ್ಚೇನೂ ಕದಲಿಲ್ಲವೆಂದು ಆಫ್ರೋಬ್ಯಾರೋಮೀಟರ್ ವರದಿ ಮಾಡಿತು. ಮುಂದಿನ ಸುತ್ತಿನಲ್ಲಿ ಸುಧಾರಣೆ ಕಂಡುಬಂತು, ನಿಜ. ಆದರೆ 2015ರ ನಂತರ ಕೊರತೆ ಮತ್ತೆ ಏರತೊಡಗಿತು. ಈ ತಿರುವು ಕೋವಿಡ್‌ಗಿಂತ ಮುಂಚಿನದು ಎಂಬುದನ್ನು ಮರೆಯಬಾರದು.

ಬಡವರು ಇಲ್ಲದುದಕ್ಕೆ ಒಗ್ಗಿಹೋಗಿರುತ್ತಾರೆ, ಅವರ ಮಾತನ್ನು ಅಳತೆಗೋಲು ಮಾಡಲಾಗದು ಎಂಬ ಆಕ್ಷೇಪವಿದೆ. ಸಮಾಧಾನವೋ ಅಸಮಾಧಾನವೋ ಎಂದು ಕೇಳಿದ್ದರೆ ಅದು ಸಲ್ಲುತ್ತಿತ್ತು. ಇಲ್ಲಿ ಕೇಳುವುದು ಎಷ್ಟು ಸಲ ಎಂದು. ಯಾವ ನೀರು ಶುದ್ಧ ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ ಎಂಬುದನ್ನು ಒಪ್ಪಬೇಕು. ಭಯದ ಆಕ್ಷೇಪ ಇನ್ನೂ ತೂಕದ್ದು. ‘ನಮ್ಮನ್ನು ಕಳಿಸಿದವರು ಯಾರೆಂದುಕೊಂಡಿರಿ?’ ಎಂದು ಸಂದರ್ಶನದ ಕೊನೆಯಲ್ಲಿ ಕೇಳಿದರೆ, ಗಣನೀಯ ಸಂಖ್ಯೆಯ ಜನ ಸರ್ಕಾರವೆನ್ನುತ್ತಾರೆ. ಹಾಗೆ ಭಾವಿಸಿದವರು, ಅದರಲ್ಲೂ ಬಿಗಿ ಆಡಳಿತದ ದೇಶಗಳಲ್ಲಿ, ಅಧ್ಯಕ್ಷರ ಮೇಲೆ ಹೆಚ್ಚು ವಿಶ್ವಾಸ ತೋರಿಸುವ ಪ್ರವೃತ್ತಿ ಕಂಡುಬಂದಿದೆ. ಜಿಂಬಾಬ್ವೆಯ ಆರ್ಥಿಕತೆ ಕುಸಿಯುತ್ತಿದ್ದ 2004ರಲ್ಲಿ ಅಲ್ಲಿನ ಅಧ್ಯಕ್ಷ ಮುಗಾಬೆಯವರ ಮೇಲಿನ ವಿಶ್ವಾಸ 1999ಕ್ಕಿಂತ ಏರಿದಂತೆ ಕಂಡಿತು. ಸಂಶೋಧಕರು ಅದರಲ್ಲಿ ಪ್ರಚಾರದ ಕೈವಾಡವನ್ನು ಗುರುತಿಸಿದರು, ಭಯದ ಪಾಲೂ ಇದ್ದಿರಬಹುದು. ವಿಶ್ವಾಸದ ಅಂಕಿಗಳನ್ನು ದೇಶದಿಂದ ದೇಶಕ್ಕೆ ಹೋಲಿಸುವಾಗ ಎಚ್ಚರ ಬೇಕೆನ್ನುವುದು ಇದಕ್ಕೇ. ಔಷಧ ಸಿಗಲಿಲ್ಲವೆನ್ನಲು ಅಷ್ಟು ಧೈರ್ಯ ಬೇಕಿಲ್ಲ.

ಪ್ರಜಾಪ್ರಭುತ್ವದ ಬಗ್ಗೆ : ಒಂಬತ್ತನೆಯ ಸುತ್ತಿನಲ್ಲಿ ಶೇ. 66 ಮಂದಿ ಬೇರೆಲ್ಲ ಆಡಳಿತ ಪದ್ಧತಿಗಳಿಗಿಂತ ಪ್ರಜಾಪ್ರಭುತ್ವವೇ ಮೇಲೆಂದರು. ಆದರೆ ಚುನಾಯಿತ ನಾಯಕರು ಸ್ವಂತ ಲಾಭಕ್ಕಾಗಿ ಅಧಿಕಾರ ದುರುಪಯೋಗ ಮಾಡಿದರೆ ಸೇನೆ ಆಡಳಿತ ಕೈಗೆತ್ತಿಕೊಳ್ಳಬಹುದೆಂದವರು ಶೇ. 53. ಮಾಲಿ, ಗಿನಿ, ಬುರ್ಕಿನಾ ಫಾಸೊಗಳ ಕ್ಷಿಪ್ರಕ್ರಾಂತಿಗಳ ಬೆನ್ನಿಗೆ ಬಂದ ಈ ಎರಡು ಅಂಕಿಗಳನ್ನು ಪರಸ್ಪರ ವಿರುದ್ಧವೆಂದು ಓದುವುದು ವಾಡಿಕೆ. ಪ್ರಶ್ನೆಯಲ್ಲಿರುವ ಷರತ್ತನ್ನು ಬಿಟ್ಟು ಓದಿದಾಗ ಮಾತ್ರ ಅದು ವಿರೋಧ: ಎರಡನೆಯ ಉತ್ತರ ಮತ ಪಡೆದು ಜನರನ್ನು ವಂಚಿಸಿದವರ ಮೇಲಿನ ತೀರ್ಪು, ಸೇನೆಯ ಮೇಲಿನ ಒಲವೆಂದು ಸಾಬೀತಾಗಿಲ್ಲ.