ಕೋಲಾರದ ಕೆರೆಗಳಿಗೆ ಬಂದ ಸಂಸ್ಕರಿತ ಜಲ: ರಾಜ್ಯನೀತಿಯ ಒಂದು ವಿಮರ್ಶೆ

ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ ವಕ್ಕಲೇರಿಯ ಹೆಸರು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದುದು. ದತ್ತಿಯಾಗಿ ಕೊಟ್ಟುದೇನು, ಪಡೆದವರಾರು, ಅದರ ನೆಲೆ ಎಲ್ಲಿ ಎಂಬುದನ್ನು ಲೋಹದ ಮೇಲೆ ಕೆತ್ತಿಸಿ ಕೊಡುವುದು ಅಂದಿನ ಪ್ರಭುತ್ವದ ಕ್ರಮವಾಗಿದ್ದಿತು. ಆ ವಕ್ಕಲೇರಿಯನ್ನೊಳಗೊಂಡ ಕೋಲಾರ ಸೀಮೆಗೆ ಇಂದಿನ ಪ್ರಭುತ್ವವು 2018ರಿಂದ ಕೊಡುತ್ತ ಬಂದಿರುವುದಾದರೋ, ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿದ ನೀರು. ಈ ನೀರಿನ ಗುಣವೆಂತಹುದು, ಅದರ ಹೊಣೆ ಯಾರದು ಎಂಬ ವಿಚಾರಣೆಯೇ ಪ್ರಸ್ತುತ ಲೇಖನದ ಉದ್ದೇಶ.

ಕೋಲಾರಕ್ಕೆ ಜೀವನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆಗಾಲದಲ್ಲಿ ಮಾತ್ರ ನದಿಗಳೆನಿಸುವಂಥವು. ಅವುಗಳಿಗೆ ಹೊಸ ಕಟ್ಟೆ ಕಟ್ಟುವುದಕ್ಕೂ 1892ರ ಮದರಾಸು–ಮೈಸೂರು ಒಪ್ಪಂದವು ಮದರಾಸಿನ ಸಮ್ಮತಿಯನ್ನು ಕಡ್ಡಾಯಗೊಳಿಸಿತು. ಆದಕಾರಣ ಈ ಸೀಮೆಯ ಕೃಷಿಯು ಕೆರೆಗಳನ್ನೇ ಆಶ್ರಯಿಸಿತು. ಏರಿಯನ್ನು ಊರವರು ಕಾಯುತ್ತಿದ್ದರು. ತೂಬನ್ನೆತ್ತಿ ಅಚ್ಚುಕಟ್ಟಿಗೆ ಸರದಿಯಂತೆ ನೀರು ಹಂಚುವ ಭಾರವು ನೀರುಗಂಟಿಯದು. ಕೊಳವೆಬಾವಿ ಬಂದ ಮೇಲೆ ಈ ವ್ಯವಸ್ಥೆ ಸಡಿಲಿತು. ಕಾಲುವೆಗಳು ಒತ್ತುವರಿಯಾದುವು, ಕೆರೆಯಂಗಳದಲ್ಲಿ ಹೂಳು ತುಂಬಿತು, ನೀಲಗಿರಿ ತೋಪುಗಳು ಹಬ್ಬಿದುವು, ಬಾವಿಗಳ ಆಳ ಸಾವಿರ ಅಡಿಯನ್ನು ಮೀರಿ ಬಂದ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. ಇದಕ್ಕೆ ಪರಿಹಾರವೆಂದು ಸಾರಲ್ಪಟ್ಟ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಅದರ ಮೊದಲ ಹಂತವು ಉದ್ಘಾಟನೆಗೊಂಡಾಗಲೂ ಕೋಲಾರದ ಕೆರೆಗಳಿಗೆ ಅದರ ಒಂದು ಹನಿಯೂ ತಲಪಿರಲಿಲ್ಲ.

ಇಂತಹ ದಾಹದ ನಡುವೆ ಬಂದುದು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನವೊಂದಕ್ಕೆ 44 ಕೋಟಿ ಲೀಟರು ನೀರನ್ನು ಪಂಪುಮಾಡಿ 126 ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ವೃದ್ಧಿಗೊಳಿಸುವುದು ಅದರ ಸಂಕಲ್ಪ. ಲಕ್ಷ್ಮೀಸಾಗರ, ನರಸಾಪುರ ಮೊದಲಾದ ಕೆರೆಗಳು ತುಂಬಿದುವು. ಬತ್ತಿದ ಬಾವಿಗಳಲ್ಲಿ ನೀರು ಮರಳಿತು. ಟೊಮೇಟೊ, ಹಿಪ್ಪುನೇರಳೆ, ಹೈನುಗಳನ್ನು ನಂಬಿದ ರೈತನಿಗೆ ಇದು ಸಾಮಾನ್ಯ ಉಪಕಾರವಲ್ಲ. ಇದನ್ನು ಅಲ್ಲಗಳೆಯುವ ವಿಮರ್ಶೆಯು ಪ್ರಾಮಾಣಿಕವಾಗಲಾರದು. ಆದರೆ 2018ರ ಜುಲೈ ತಿಂಗಳಿನಲ್ಲಿಯೇ ನೊರೆ ಕಾಣಿಸಿಕೊಂಡು, ಉಚ್ಚ ನ್ಯಾಯಾಲಯವು ನೀರನ್ನು ತಡೆಹಿಡಿಯಬೇಕಾಗಿ ಬಂದುದನ್ನೂ, 2019ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದನ್ನೂ ಮರೆಯಲಾಗದು. ನೀರಿನ ಗುಣದ ಪ್ರಶ್ನೆಯನ್ನು ಎತ್ತಿದವರು ಈ ಜಿಲ್ಲೆಯ ಹೋರಾಟಗಾರರೇ ಹೊರತು ಹೊರಗಿನ ವಿಘ್ನಸಂತೋಷಿಗಳಲ್ಲ.

ಎರಡನೆಯ ಹಂತದ ಸಂಸ್ಕರಣವೆಂದರೆ ಸೂಕ್ಷ್ಮಜೀವಿಗಳ ಮೂಲಕ ಸಾವಯವ ಕಶ್ಮಲವನ್ನು ಕರಗಿಸಿ ಗಸಿಯನ್ನು ತೆಗೆಯುವುದು. ಕರಗಿಕೊಂಡ ನೈಟ್ರೇಟು, ರಂಜಕ, ಭಾರಲೋಹಗಳ ಅಂಶ, ಮಾರ್ಜಕ ಹಾಗೂ ಔಷಧಗಳ ಶೇಷ ಇವು ಅಲ್ಲಿ ಸಂಪೂರ್ಣವಾಗಿ ನಿವಾರಣೆಯಾಗುವುದಿಲ್ಲ. ಅದಕ್ಕೆ ಮೂರನೆಯ ಹಂತ ಬೇಕು. ಇದಕ್ಕಿಂತ ಗಹನವಾದ ಸಂಗತಿಯೆಂದರೆ ಕೋಲಾರದ ನೆಲದ ರಚನೆ. ಇಲ್ಲಿಯ ತಳವು ಗಟ್ಟಿಯಾದ ಗ್ರಾನೈಟು ಮತ್ತು ನೈಸು ಶಿಲೆಗಳಿಂದಾದುದು. ಮೇಲಣ ಮಣ್ಣನ್ನು ದಾಟಿದ ಮೇಲೆ ನೀರು ಬಿರುಕುಗಳನ್ನು ಹಿಡಿದು ಹರಿಯುತ್ತದೆ, ಮರಳು ಜರಡಿಯಂತೆ ಸೋಸುವ ಕಾರ್ಯವು ಆ ಬಿರುಕುಗಳಲ್ಲಿ ನಡೆಯದು. ಅದೇ ಬಿರುಕುಗಳಿಂದ ಊರಿನ ಕುಡಿಯುವ ನೀರಿನ ಕೊಳವೆಬಾವಿಯೂ ನೀರೆತ್ತುತ್ತದೆ.

ಇಸ್ರೇಲಿನ ದಾನ್ ಪ್ರಾಂತದಲ್ಲಿ ಸಂಸ್ಕರಿತ ಕೊಳಚೆಯನ್ನು ಭೂಮಿಗೆ ಇಂಗಿಸುವ ಪ್ರಸಿದ್ಧ ಪ್ರಯೋಗವುಂಟು. ಅಲ್ಲಿ ನೀರು ಮರಳಿನ ಸ್ತರಗಳ ಮೂಲಕ ಇಳಿಯುತ್ತದೆ; ಆ ಭಾಗವು ಕುಡಿಯುವ ನೀರಿನ ಬಾವಿಗಳಿಂದ ಪ್ರತ್ಯೇಕವಾಗಿದ್ದು, ಸುತ್ತಲೂ ಪರೀಕ್ಷಾಬಾವಿಗಳಿವೆ; ಎತ್ತಿದ ನೀರು ವ್ಯವಸಾಯಕ್ಕೆ ಹೋಗುತ್ತದೆ. ಸಿಂಗಪುರವು 2003ರಿಂದ ಬಳಸುತ್ತಿರುವ ಮರುನೀರು ಸೂಕ್ಷ್ಮಶೋಧನ, ವಿಲೋಮ ಪರಾಸರಣ, ಅತಿನೇರಳೆ ಕಿರಣ ಈ ಮೂರನ್ನೂ ದಾಟಿ ಬರುತ್ತದೆ. ಕೊಳಚೆಯ ಮರುಬಳಕೆಯು ನಿಷಿದ್ಧವಲ್ಲವೆಂಬುದನ್ನು ಈ ನಿದರ್ಶನಗಳು ಸ್ಥಾಪಿಸುತ್ತವೆ, ನಿಜ. ಆದರೆ ಮೊದಲನೆಯ ದೇಶದ ಪ್ರತ್ಯೇಕತೆಯನ್ನಾಗಲಿ ಎರಡನೆಯದರ ಶುದ್ಧೀಕರಣವನ್ನಾಗಲಿ ಸ್ವೀಕರಿಸದೆ, ಎರಡೂ ದೇಶಗಳ ಹೆಸರನ್ನು ಸಮರ್ಥನೆಗೆ ಬಳಸುವುದು ನ್ಯಾಯಸಮ್ಮತವಾದ ವಾದವೆನಿಸದು.

ನೀತಿಯ ದೋಷವಿರುವುದು ಇಲ್ಲಿಯೇ. ತುಂಬಿದ ಕೆರೆಗಳ ಸಂಖ್ಯೆ, ಹರಿದ ನೀರಿನ ಪರಿಮಾಣ, ಏರಿದ ಅಂತರ್ಜಲಮಟ್ಟ ಇವನ್ನೇ ಸರ್ಕಾರವು ಸಾಧನೆಯೆಂದು ಗಣಿಸಿತು. ಆ ನೀರನ್ನು ಕುಡಿಯುವ ಕುಟುಂಬದ ಆರೋಗ್ಯವನ್ನು ಅದೇ ಲೆಕ್ಕದಲ್ಲಿ ಸೇರಿಸಲಿಲ್ಲ. ಮಹಾನಗರದ ತ್ಯಾಜ್ಯಸಮಸ್ಯೆ ಪರಿಹಾರವಾಗುವಾಗ ಅದರ ಅಪಾಯವು ಗ್ರಾಮಗಳಿಗೆ ವರ್ಗಾವಣೆಯಾಗುವುದಾದರೆ, ಅದನ್ನು ತಡೆಯುವ ವೆಚ್ಚವನ್ನು ಹೊರಬೇಕಾದುದೂ ಆ ಮಹಾನಗರವೇ. ಆದುದರಿಂದ ಬೆಂಗಳೂರಿನ ಗಡಿಯೊಳಗೇ ಮೂರನೆಯ ಹಂತದ ಸಂಸ್ಕರಣ ನಡೆದ ಮೇಲೆ ಮಾತ್ರ ನೀರು ಕೊಳವೆಗೆ ಸೇರತಕ್ಕದ್ದು. ಕೆರೆಯದೂ ಸುತ್ತಲ ಕುಡಿಯುವ ಬಾವಿಗಳದೂ ಪರೀಕ್ಷಾಫಲವನ್ನು ತಿಂಗಳು ತಿಂಗಳೂ ಕನ್ನಡದಲ್ಲಿ ಗ್ರಾಮಪಂಚಾಯತಿಯ ಬಾಗಿಲಲ್ಲಿ ಹಚ್ಚುವುದಕ್ಕೆ ಹೊಸ ಶಾಸನವೇನೂ ಬೇಡ, ಆಡಳಿತದ ಮನಸ್ಸು ಸಾಕು; ವಕ್ಕಲೇರಿ ಹೋಬಳಿಯ ಗ್ರಾಮಸಭೆಗಳು ಇದನ್ನು ಠರಾವಿನ ಮೂಲಕ ಕೇಳಿ ಪಡೆಯಬೇಕು.