ಮಾತಿನ ಬಾಡಿಗೆ ಮನೆಗಳು

ಹೊರನಾಡಿನಲ್ಲಿ ಇರುವವನ ಚರಿತ್ರೆ ಬರೆಯುವುದಾದರೆ, ಅವನು ಯಾವ ವರ್ಷ ಯಾವ ಕೆಲಸಕ್ಕೆ ಸೇರಿದ ಎನ್ನುವುದಕ್ಕಿಂತ ಯಾವ ಕಾಲದಲ್ಲಿ ಊರಿನವರ ಜೊತೆ ಯಾವುದರ ಮೂಲಕ ಮಾತಾಡಿದ ಎಂದು ಬರೆಯುವುದೇ ಸರಿ ಅನ್ನಿಸುತ್ತದೆ. ಕೊಚ್ಚಿಯ ಪಾಲಾರಿವಟ್ಟಂಗೆ ಬಂದ ಮೇಲೆ ನಾನು ಬಾಡಿಗೆ ಮನೆ ಬದಲಾಯಿಸಿದ್ದು ಎರಡೇ ಸಲ. ಮಾತಿನ ಮನೆ ಮಾತ್ರ ಏಳೆಂಟು ಸಲ ಬದಲಾಗಿದೆ. ಹೆಚ್ಚಿನ ಸಲ ಖಾಲಿ ಮಾಡಿ ಅಂದದ್ದು ಮನೆಯ ಮಾಲೀಕರೇ!

ಹಿಂದೆ ಹೀಗಿರಲಿಲ್ಲವೇ ಎಂದರೆ, ಇತ್ತು. ಆದರೆ ನಿಧಾನಕ್ಕಿತ್ತು. ನಮ್ಮ ದೇಶದಲ್ಲಿ ತಂತಿಯ ಮೊದಲ ಪ್ರಯೋಗ ನಡೆದದ್ದು 1850ರಲ್ಲಿ, ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ. ಬಿಎಸ್ಎನ್ಎಲ್ ಟೆಲಿಗ್ರಾಂ ನಿಲ್ಲಿಸಿದ್ದು 2013ರ ಜುಲೈ 14ರ ರಾತ್ರಿ. ನಡುವೆ ನೂರಾ ಅರವತ್ತಮೂರು ವರ್ಷ. ಮದುವೆಗೊಂದು, ಹಬ್ಬಕ್ಕೊಂದು ಎಂದು ಶುಭಾಶಯದ ವಾಕ್ಯಗಳಿಗೆ ನಂಬರು ಇದ್ದದ್ದು ಹಿರಿಯರಿಗೆ ನೆನಪಿರಬಹುದು. ನಂಬರು ಹೇಳಿದರೆ ಸಾಕು, ಆ ತುದಿಯಲ್ಲಿ ಪೂರ್ತಿ ವಾಕ್ಯ ಸಿಗುತ್ತಿತ್ತು. ಅಜ್ಜ ಕಲಿತದ್ದು ಮೊಮ್ಮಗನಿಗೂ ಉಪಯೋಗಕ್ಕೆ ಬರುತ್ತಿತ್ತು.

ಈಗಿನ ಲೆಕ್ಕ ನೋಡಿ. ಯಾಹೂ ಮೆಸೆಂಜರ್ 1998ರಲ್ಲಿ ಬಂತು, 2018ರ ಜುಲೈ 17ಕ್ಕೆ ಮುಗಿಯಿತು. ಅದರ ಹರಟೆ ಕೋಣೆಗಳಂತೂ 2012ರಲ್ಲೇ ಮುಚ್ಚಿದ್ದವು. ಆರ್ಕುಟ್ 2004ರಿಂದ 2014. ನಮ್ಮ ದೇಶದ್ದೇ ಆದ ಹೈಕ್ 2012ರಿಂದ 2021. ಮೈಕ್ರೋಸಾಫ್ಟ್ 2011ರಲ್ಲಿ ಸ್ಕೈಪನ್ನು ಕೊಂಡಿತು, ಆಮೇಲೆ ಟೀಮ್ಸ್ ಎಂಬ ತನ್ನದೇ ಕೂಸನ್ನು ಬೆಳೆಸಿತು, 2025ರ ಮೇ 5ಕ್ಕೆ ಸ್ಕೈಪಿನ ಬಾಗಿಲು ಹಾಕಿತು.

ಇವುಗಳಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು 2005ರಲ್ಲಿ ಬಂದ ಗೂಗಲ್ ಟಾಕ್. ಹೆಸರಿನ ಪಕ್ಕ ಹಸಿರು ಚುಕ್ಕೆ ಕಂಡರೆ ಆ ಮನುಷ್ಯ ಕಂಪ್ಯೂಟರಿನ ಮುಂದೆ ಕೂತಿದ್ದಾನೆ ಎಂದರ್ಥ. ಕೆಳಗೆ ಒಂದು ಸಾಲು ಬರೆದಿಡಬಹುದಿತ್ತು. ಯಾರಿಗೆ ಜ್ವರ, ಯಾರಿಗೆ ಮಗು ಹುಟ್ಟಿತು ಎಂಬ ಊರಿನ ಸುದ್ದಿಯೆಲ್ಲ ಆ ಸಾಲುಗಳಲ್ಲೇ ತಿಳಿಯುತ್ತಿತ್ತು. ಫೋನು ಎಲ್ಲರ ಜೇಬಿಗೆ ಬಂದ ಮೇಲೆ ಎಲ್ಲರೂ ಯಾವಾಗಲೂ ‘ಇದ್ದಾರೆ’. ಹಾಗಾಗಿ ಹಸಿರು ಚುಕ್ಕೆಗೆ ಬೆಲೆ ಉಳಿಯಲಿಲ್ಲ.

ಅದರಲ್ಲಿ ಇನ್ನೊಂದು ದೊಡ್ಡ ಗುಣವಿತ್ತು, ಹೆಚ್ಚಿನವರು ಗಮನಿಸಲಿಲ್ಲ. ಎಕ್ಸ್‌ಎಂಪಿಪಿ ಎಂಬ ಮುಕ್ತ ಪದ್ಧತಿಯನ್ನು ಬಳಸಿದ್ದರಿಂದ, 2006ರಿಂದ ಬೇರೆ ಸಂಸ್ಥೆಯ ಖಾತೆ ಇದ್ದವರೂ ಅಲ್ಲಿಗೆ ಮಾತು ಕಳಿಸಬಹುದಿತ್ತು. ಪಾಲಾರಿವಟ್ಟಂನಲ್ಲಿ ಡಬ್ಬಕ್ಕೆ ಹಾಕಿದ ಕಾಗದ ತೀರ್ಥಹಳ್ಳಿಯಲ್ಲೂ ಸಿಗುತ್ತದೆ, ತೈವಾನಿನಲ್ಲೂ ಸಿಗುತ್ತದಲ್ಲ, ಹಾಗೆ. 2013ರಲ್ಲಿ ಹ್ಯಾಂಗೌಟ್ಸ್ ಬಂದಾಗ ಅದು ಈ ದಾರಿಯನ್ನು ಕೈಬಿಟ್ಟಿತು. ಆ ಹ್ಯಾಂಗೌಟ್ಸ್ ಕೂಡ 2022ರ ನವೆಂಬರಿನಲ್ಲಿ ನಿಂತಿತು.

ಕಚೇರಿಯ ಕಥೆ ಬೇರೆಯಲ್ಲ. ಕೊಚ್ಚಿಯ ಇನ್ಫೋಪಾರ್ಕಿನಲ್ಲಿ ಕೂತವರೂ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೂತವರೂ ದಿನವಿಡೀ ಒಂದೇ ಕಿಟಕಿಯಲ್ಲಿ ಮಾತಾಡುತ್ತಾರೆ. ಕೆಲಸದ ನಿರ್ಧಾರಗಳೆಲ್ಲ ಅಲ್ಲಿಯೇ. ಸ್ಲಾಕ್ ತನ್ನ ಉಚಿತ ಯೋಜನೆಯಲ್ಲಿ ಮೊದಲು ಕೊನೆಯ 10,000 ಸಂದೇಶಗಳನ್ನು ತೋರಿಸುತ್ತಿತ್ತು. 2022ರ ಸೆಪ್ಟೆಂಬರಿನಿಂದ ಅದು 90 ದಿನಕ್ಕೆ ಇಳಿಯಿತು. ನಿಯಮ ಬದಲಾಯಿಸುವ ಹಕ್ಕು ಅವರದು, ಸರಿಯೇ. ಆದರೆ ಸಣ್ಣ ಗುಂಪುಗಳ ಹಳೆಯ ನೆನಪು ಕಾಸು ಕೊಟ್ಟರೆ ಮಾತ್ರ ಕಾಣುವಂತಾಯಿತು.

ಕಳೆದುಕೊಂಡದ್ದನ್ನೇ ಹೇಳುತ್ತಾ ಕೂತರೆ ಅನ್ಯಾಯವಾದೀತು. ಮೊದಲು ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು. ‘ಹಾಲು’ ಮತ್ತು ‘ಹಾಳು’ ಎರಡಕ್ಕೂ ಒಂದೇ ಕಾಗುಣಿತ. ತಮ್ಮ ಬರೆದದ್ದನ್ನು ಓದಿ, ಅಡಿಕೆಗೆ ಕೊಳೆರೋಗ ಬಂತೋ, ಮನೆಯಲ್ಲಿ ಹಾಲು ಜಾಸ್ತಿಯಾಯಿತೋ ಎಂದು ಫೋನು ಮಾಡಿ ಕೇಳಬೇಕಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡತೊಡಗಿತು. ಈಗ ಅಮ್ಮ ನನಗಿಂತ ಚುರುಕಾಗಿ ಕನ್ನಡದಲ್ಲಿ ಬೈಯುತ್ತಾಳೆ.

ಆದರೂ ಒಂದು ನಷ್ಟ ಹೇಳಲೇಬೇಕು. ನಮ್ಮ ಅಪ್ಪಯ್ಯ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ದಿನಚರಿಯಲ್ಲಿ ಬರೆದಿಡುವವರು. ಆಮೇಲೆ ಪುಸ್ತಕ ಬಿಟ್ಟು, ಅಂಕಿಯನ್ನು ನೇರ ನನಗೇ ಕಳಿಸತೊಡಗಿದರು. “ಅಲ್ಲಿ ಇರ್ತದಲ್ಲ ಮಾರಾಯ, ಮತ್ತೆ ಯಾಕೆ ಬರೀಬೇಕು” ಅನ್ನುವ ವಾದ. ಆ ಸೇವೆಯ ಹೆಸರು ಇಲ್ಲಿ ಬೇಡ. ಅದು ನಿಂತಾಗ ಐದು ಮಳೆಗಾಲ ಹೋಯಿತು. ಅದಕ್ಕೂ ಹಿಂದಿನ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲು ಹಿಡಿದೂ ಓದಲು ಸಿಗುತ್ತವೆ. ಈಗ ಅಪ್ಪಯ್ಯ ಮತ್ತೆ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೋ ಕಳಿಸುತ್ತಾರೆ.

ಇಲ್ಲಿಯದೇ ಒಂದು ಹೋಲಿಕೆ ಕೊಡುತ್ತೇನೆ. ಪಾಲಾರಿವಟ್ಟಂನ ಮೇಲ್ಸೇತುವೆ ತೆರೆದದ್ದು 2016ರಲ್ಲಿ. ಬಿರುಕು ಕಂಡು 2019ರ ಮೇ ತಿಂಗಳಲ್ಲಿ ಮುಚ್ಚಿದರು. ಪತ್ರಿಕೆಗಳು ಬರೆದವು, ವಿಜಿಲೆನ್ಸ್ ತನಿಖೆ ನಡೆಯಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದೆಹಲಿ ಮೆಟ್ರೋ ನಿಗಮವು ಇ. ಶ್ರೀಧರನ್ ಅವರ ಉಸ್ತುವಾರಿಯಲ್ಲಿ ಅದನ್ನು ಮತ್ತೆ ಕಟ್ಟಿ, 2021ರ ಮಾರ್ಚ್ 7ರಂದು ಸೇತುವೆ ಪುನಃ ತೆರೆಯಿತು. ಮಲಯಾಳಂ ಅರೆಬರೆ ಬರುವ ನನ್ನಂಥ ಹೊರಗಿನವನೂ ಚಾಯದ ಅಂಗಡಿಯಲ್ಲಿ ನಿಂತು ಅದರ ಬಗ್ಗೆ ಅಭಿಪ್ರಾಯ ಹೇಳಬಹುದಿತ್ತು. ಅದಕ್ಕಿಂತ ಎಷ್ಟೋ ಹೆಚ್ಚು ಜನ ನಡೆದಾಡಿದ ಮಾತಿನ ಸೇತುವೆಗಳು ಮುಚ್ಚಿದಾಗ ಬಂದದ್ದು ಒಂದು ಇಮೇಲ್ ಅಷ್ಟೆ. ಕಾರಣ ಇಷ್ಟೇ: ಸೇತುವೆ ಊರಿನದು, ಇದು ಕಂಪನಿಯದು.

ಕಾನೂನು ಇದನ್ನು ಬದಲಿಸಲಾರದು ಎಂದೇನಿಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾನೂನಿನ ಕಟ್ಟಲೆಗಳು 2024ರ ಮಾರ್ಚಿನಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾದವು. ಬೇರೆ ಸೇವೆಯವರು ಕೇಳಿದರೆ ವಾಟ್ಸಾಪ್ ಅಲ್ಲಿ ಬಾಗಿಲು ತೆರೆಯಬೇಕು. 2006ರಲ್ಲಿ ತಾನಾಗಿ ಇದ್ದದ್ದನ್ನು ಈಗ ಕಾನೂನು ಹಾಕಿ ಕೇಳಬೇಕಾಗಿದೆ. ನಮ್ಮಲ್ಲೂ ಯಾರಾದರೂ ಕೇಳಬೇಕು. ಮೊದಲು ಕೇಳಬೇಕಾದವರು, ಮನೆಯಿಂದ ದೂರ ಇದ್ದು ಇಂಥ ಕಿಟಕಿಗಳಲ್ಲೇ ಅರ್ಧ ಸಂಸಾರ ನಡೆಸುವ ನಾವು.