ಮುಂಬಯಿಯ ಒಡಲೊಳಗಿನ ಕಡಲು

ಉದ್ಯೋಗಕ್ಕೆಂದೋ ವ್ಯಾಪಾರಕ್ಕೆಂದೋ ಮುಂಬಯಿಗೆ ಹೋಗಿಬರುವ ಸದ್ಭಕ್ತರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರಾದರೂ ಪಾಯಧುಣಿ ಎಂಬ ಪೇಟೆಯನ್ನು ಕಂಡಿರಬೇಕು. ಅಂಗಡಿಮುಂಗಟ್ಟುಗಳ ದಟ್ಟಣೆಯಲ್ಲಿ ಅಲ್ಲಿ ಕಾಲಿಡಲು ಸ್ಥಳವಿಲ್ಲ. ಆದರೆ ಮರಾಠಿಯ ಆ ಹೆಸರಿಗೆ ‘ಕಾಲು ತೊಳೆಯುವ ಎಡೆ’ ಎಂದು ಅರ್ಥ. ಒಂದು ಕಾಲಕ್ಕೆ ಸಮುದ್ರದ ಉಬ್ಬರವು ಅಲ್ಲಿಯವರೆಗೂ ನುಗ್ಗಿಬರುತ್ತಿತ್ತು. ಕೆಸರು ದಾಟಿ ಬಂದವರು ಅಲ್ಲಿ ಕಾಲು ತೊಳೆದು ಊರೊಳಗೆ ಹೋಗುತ್ತಿದ್ದರು. ನೀರು ಹಿಂದೆ ಸರಿದು ಇನ್ನೂರು ವರ್ಷಗಳು ಮಿಕ್ಕಿದರೂ ಹೆಸರು ಉಳಿದಿದೆ. ಹೀಗೆಯೇ ಉಮರಖಾಡಿ, ಖಾಡಿಯೆಂದರೆ ಕಡಲಿನ ಹಿನ್ನೀರು. ಶೀವ, ಇಂಗ್ಲಿಷರ ಬಾಯಲ್ಲಿ ಸಾಯನ್; ಅದು ನಮ್ಮ ‘ಸೀಮೆ’ಯ ದಾಯಾದಿ, ದ್ವೀಪದ ಎಲ್ಲೆ.

ಹೌದು, ದ್ವೀಪವೇ. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ, ಪರೇಲ, ವರಳಿ, ಮಾಹಿಮ ಎಂಬ ಏಳು ನಡುಗಡ್ಡೆಗಳ ಸಮೂಹವದು. ೧೬೬೧ರಲ್ಲಿ ಪೋರ್ತುಗಾಲದ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಂದು, ೧೬೬೮ರಲ್ಲಿ ವರ್ಷಕ್ಕೆ ೧೦ ಪೌಂಡುಗಳ ಗೇಣಿಯ ಮೇಲೆ ಕಂಪನಿಯ ಕೈಸೇರಿತು.

ಕಡಲು ಒಳನುಗ್ಗುತ್ತಿದ್ದ ಹೆಬ್ಬಾಗಿಲು ಮಹಾಲಕ್ಷ್ಮಿ ಮತ್ತು ವರಳಿಗಳ ನಡುವಣ ತೆರಪು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, ೧೭೮೪ರ ಸುಮಾರಿಗೆ, ಅದಕ್ಕೆ ಕಲ್ಲಿನ ಒಡ್ಡು ಬಿದ್ದಿತು. ಕಟ್ಟಿದ್ದು ಕುಸಿಯುತ್ತಲೇ ಇದ್ದಾಗ ದೇವಿಯು ಕನಸಿನಲ್ಲಿ ಬಂದು, ನೀರಿನಲ್ಲಿ ಮುಳುಗಿದ್ದ ತನ್ನ ಮೂರ್ತಿಯನ್ನು ಎತ್ತಿಸಿದಳೆಂದೂ ಆಮೇಲೆಯೇ ಒಡ್ಡು ನಿಂತಿತೆಂದೂ ಮಹಾಲಕ್ಷ್ಮಿ ಗುಡಿಯ ಐತಿಹ್ಯ ಹೇಳುತ್ತದೆ. ಇತಿಹಾಸಕಾರನು ಇದನ್ನು ಶಾಸನದಂತೆ ಪ್ರಮಾಣವೆಂದು ಹಿಡಿಯಲಾರ, ತಳ್ಳಿಹಾಕುವುದೂ ಜಾಣತನವಲ್ಲ. ಕೆಲಸ ಎಷ್ಟು ದುಸ್ಸಾಧ್ಯವೆಂದು ಜನರಿಗೆ ತೋರಿತ್ತೆಂಬುದಕ್ಕೆ ಅದೇ ಸಾಕ್ಷಿ.

ಒಡ್ಡಿಗೆ ಗವರ್ನರನ ಹೆಸರು ಬಂದಿತು. ಈಗ ಅದರ ಮೇಲಿನ ರಸ್ತೆಗೆ ಲಾಲಾ ಲಜಪತರಾಯರ ಹೆಸರಿದೆ. ಬುಟ್ಟಿ ಹೊತ್ತವರ ಗುರುತೆಲ್ಲಿ? ಒಡ್ಡಿನ ಹಿಂದೆ ಬತ್ತಿದ ತಗ್ಗುನೆಲದಲ್ಲಿ ಕಟ್ಟಡಗಳ ಕೂಲಿಗಾಗಿ ಬಂದ ತೆಲುಗು ಕಾಮಾಟಿಗಳು ನೆಲೆಸಿದರು; ಆ ಕೇರಿಯೇ ಕಾಮಾಟಿಪುರ. ಆ ಹೆಸರನ್ನು ಕೇಳಿ ಮೂಗುಮುರಿಯುವ ಸಭ್ಯರು ಅದರ ಮೂಲದಲ್ಲಿ ಇಂಥ ಕಾಯಕವಿದೆಯೆಂಬುದನ್ನು ಅರಿಯರು.

ಇಷ್ಟಾದರೂ ಕಡಲು ಪೂರ್ತಿಯಾಗಿ ಹೋಯಿತೆನ್ನುವಂತಿಲ್ಲ. ಒಡ್ಡಿನ ಹಿಂದಣ ನೆಲದಲ್ಲಿ ಬಹುಭಾಗ ಉಬ್ಬರದ ಮಟ್ಟಕ್ಕಿಂತ ತಗ್ಗು. ಭರತದ ವೇಳೆ ಮಳೆಯ ನೀರಿಗೆ ಹೊರದಾರಿಯಿಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅಂದು ಸಮುದ್ರದಲ್ಲಿ ಉಬ್ಬರವೂ ಕೂಡಿಬಂದಿತು. ನೂರಾರು ಜನ ಪ್ರಾಣ ಕಳೆದುಕೊಂಡರು. ಮಿಠೀ ನದಿಯು ಮಾಹಿಮದ ಖಾಡಿಯನ್ನು ಸೇರುವೆಡೆಯ ಕಾಂಡ್ಲಾ ಕಾಡು, ಜೌಗುನೆಲಗಳನ್ನು ತುಂಬಿಸಿ ಬಾಂದ್ರಾ–ಕುರ್ಲಾ ವಾಣಿಜ್ಯ ಸಂಕೀರ್ಣವನ್ನು ಎಬ್ಬಿಸಿದ್ದರು. ನದಿಯ ಬಾಯಿ ಕಿರಿದಾಗಿತ್ತು. ನೀರು ದಡದ ಗುಡಿಸಲುಗಳನ್ನು ಹೊಕ್ಕಿತು.